ಎರಡನೇ ಉಣುಗೋಲು

ಡಾಕ್ಟರು ನಡೆಯಿರಿ ಅಂದರು, ನಾನು ಸೈಕಲ್ ತೆಗೆದುಕೊಂಡೆ. ಐವತ್ತೇಳನೇ ವಯಸ್ಸಿನಲ್ಲಿ, ಗೇರ್ ಇರುವ, ದಪ್ಪ ಟೈರಿನ ಸೈಕಲ್ಲು. ಮೊದಲ ದಿನ ಹೊಸನಗರದ ಪೇಟೆಯಲ್ಲಿ ಹೋದಾಗ ನನ್ನ ಹಳೇ ವಿದ್ಯಾರ್ಥಿಗಳು ಅಂಗಡಿ ಬಾಗಿಲಿಗೆ ಬಂದು ನಿಂತರು. ಹೈಸ್ಕೂಲಿನಲ್ಲಿ ಲೆಕ್ಕ ತಪ್ಪಿದರೆ ಕಿವಿ ಹಿಂಡುತ್ತಿದ್ದ ಮೇಷ್ಟ್ರು ಹೆಲ್ಮೆಟ್ ಹಾಕಿಕೊಂಡು ಪೆಡಲ್ ತುಳಿಯುವುದು ಬಿಟ್ಟಿ ತಮಾಷೆಯಲ್ಲವೇ? ನಕ್ಕರೆ ನಗಲಿ ಅಂದುಕೊಂಡೆ. ಡಾಂಬರು ರಸ್ತೆ ಮಾತ್ರ ನನಗೆ ಆಗಿಬರಲಿಲ್ಲ. ಜೋಗಕ್ಕೂ ಕೊಡಚಾದ್ರಿಗೂ ಹೋಗುವ ಕಾರುಗಳು ಬೆನ್ನ ಹಿಂದೆಯೇ ಬಂದು ಹಾರ್ನ್ ಹೊಡೆಯುತ್ತಿದ್ದವು. ಎದೆಗೆ ಒಳ್ಳೆಯದಾಗಲಿ ಅಂತ ಹತ್ತಿದ ಸೈಕಲ್ಲಿನಿಂದಲೇ ಎದೆ ಒಡೆದು ಸಾಯಬೇಕು, ಅಷ್ಟು.

ಅದಕ್ಕೇ ನಿಟ್ಟೂರಿನ ಕಡೆಯ ಒಂದು ಜಲ್ಲಿ ದಾರಿ ಹಿಡಿದೆ. ಯಾವುದೋ ಕಾಲದಲ್ಲಿ ಜಲ್ಲಿ ಹಾಸಿ, ಡಾಂಬರು ಹಾಕುವ ಮೊದಲು ಅರಣ್ಯ ಇಲಾಖೆಯ ತಕರಾರು ಬಂದು ಅಲ್ಲಿಗೇ ನಿಂತುಹೋದ ದಾರಿ. ಬಸ್ಸಿಲ್ಲ, ಲಾರಿಯಿಲ್ಲ. ಸ್ವಲ್ಪ ದೂರ ಕಾಡು, ಕಾಡು ದಾಟಿದರೆ ಬ್ಯಾಣ, ಅಂದರೆ ದನ ಮೇಯುವ ಹುಲ್ಲುಗುಡ್ಡ, ಅಲ್ಲಲ್ಲಿ ನೆಲ್ಲಿ ಮರ, ಮುಳ್ಳು ಹೊದರು. ಆಮೇಲೆ ಮತ್ತೆ ಕಾಡು. ಟೈರಿನ ಕೆಳಗೆ ಜಲ್ಲಿ ಕರಕರ ಅನ್ನುವುದು ಬಿಟ್ಟರೆ ಬೇರೆ ಸದ್ದಿಲ್ಲ. ಕಾಡುಕೋಳಿಗಳು ಓಡದೆ ಪಕ್ಕಕ್ಕೆ ಸರಿದು ನಿಲ್ಲುತ್ತಿದ್ದವು. ಆ ದಾರಿಯಲ್ಲಿ ನನಗೆ ಸಿಟ್ಟೇ ಬರುತ್ತಿರಲಿಲ್ಲ, ಅದೊಂದು ಆಶ್ಚರ್ಯ.

ಅಡ್ಡಿಯೆಂದರೆ ಉಣುಗೋಲುಗಳು. ದಾರಿಯ ಆಚೀಚೆ ಎರಡು ಕಂಬ, ಕಂಬಕ್ಕೆ ತೂತು, ತೂತಿನಲ್ಲಿ ಅಡ್ಡ ಸೇರಿಸಿದ ಮೂರು ಬಿದಿರಿನ ಗಳ, ದನ ದಾಟದ ಹಾಗೆ. ಗಳ ಸರಿಸಿ ದಾಟಬೇಕು, ದಾಟಿದ ಮೇಲೆ ತಿರುಗಿ ಸೇರಿಸಬೇಕು. ಇದನ್ನು ನಮ್ಮ ಕಡೆ ಯಾರೂ ಯಾರಿಗೂ ಹೇಳಿಕೊಡುವುದಿಲ್ಲ. ನಡೆಯಲು ಕಲಿತ ಮಕ್ಕಳಿಗೂ ಗೊತ್ತು. ನಡೆದು ಹೋಗುವವನು ನುಸುಳಿ ಹೋದಾನು. ಸೈಕಲ್ಲಿನವನು ಇಳಿಯಬೇಕು, ಸೈಕಲ್ ಒರಗಿಸಬೇಕು, ಮೂರು ಗಳ ತೆಗೆಯಬೇಕು, ಮೂರು ಗಳ ಹಾಕಬೇಕು. ದಾರಿಯಲ್ಲಿ ಅಂಥವು ಮೂರಿದ್ದವು.

ಎರಡನೆಯದರ ಪಕ್ಕದ ಮನೆಯಲ್ಲಿ ಮಗ ಸೊಸೆಯ ಜೊತೆ ಎಪ್ಪತ್ತು ದಾಟಿದ ಒಬ್ಬ ಹೆಂಗಸಿದ್ದರು. ಊರಿಗೆಲ್ಲ ಅವರು ದೊಡ್ಡಮ್ಮ, ನನಗೂ. ಬ್ಯಾಣದಲ್ಲಿ ತಮ್ಮ ದನ ಮೇಯಿಸುತ್ತಾ ಕೂತಿರುತ್ತಿದ್ದರು. ಎಲ್ಲಿಗೂ ಹೋಗದೆ ಹೊರಟಲ್ಲಿಗೇ ವಾಪಸು ಬರಲು ಇಷ್ಟು ಬೆವರು ಸುರಿಸಬೇಕಾ ಅಂತ ನನ್ನನ್ನು ದಿನಾ ಕೆಣಕುತ್ತಿದ್ದರು. ನಾನೂ ನಗುತ್ತಿದ್ದೆ.

ಮೊಬೈಲಿಗೆ ಆಪ್ ಹಾಕಿಕೊಂಡಿದ್ದೇ ಕೆಟ್ಟದ್ದಾಯಿತು. ಎಷ್ಟು ದೂರ, ಎಷ್ಟು ವೇಗ, ಎಲ್ಲ ತೋರಿಸುತ್ತದೆ. ಲೆಕ್ಕದ ಮೇಷ್ಟ್ರಿಗೆ ಅದಕ್ಕಿಂತ ಹುಚ್ಚು ಬೇಕೇ? ಗಂಟೆಯೊಳಗೆ ಇಡೀ ದಾರಿ ಮುಗಿಸಬೇಕು ಅಂತ ಹಟ ಹಿಡಿದೆ. ಮಳೆಗಾಲ ಮುಗಿದು ಹುಲ್ಲು ಹಳದಿಗೆ ತಿರುಗಿದ್ದ ಒಂದು ಸಂಜೆ ಎರಡನೇ ಉಣುಗೋಲಿಗೆ ಬಂದಾಗ ಎರಡು ನಿಮಿಷ ಉಳಿಸಿದ್ದೆ. ಸುತ್ತ ಯಾರೂ ಇರಲಿಲ್ಲ. ಗಳ ಕೆಳಗೆ ಹಾಕಿ ದಾಟಿದೆ. ಅರ್ಧ ಗಂಟೆಯಲ್ಲಿ ಇದೇ ದಾರಿಯಲ್ಲಿ ಬರುತ್ತೇನಲ್ಲ, ಆಗ ಹಾಕಿದರಾಯಿತು ಅಂದುಕೊಂಡು ಹೊರಟೇಬಿಟ್ಟೆ. ನನ್ನ ಬುದ್ಧಿಗಿಷ್ಟು ಬೆಂಕಿ ಬೀಳ.

ಮೂರನೆಯದನ್ನು ದಾಟಿದ ಮೇಲೆ ಚೂಪು ಕಲ್ಲು ತಾಗಿ ಟೈರು ಪಂಕ್ಚರಾಯಿತು. ತಳ್ಳಿಕೊಂಡು ಮುಂದಿನ ಡಾಂಬರು ರಸ್ತೆಗೆ ಹೋದೆ. ಪರಿಚಯದವರ ಪಿಕಪ್ ಸಿಕ್ಕಿತು, ಸೈಕಲ್ಲನ್ನು ಅದರಲ್ಲಿ ಹಾಕಿಕೊಂಡು ಆ ಕಡೆಯಿಂದಲೇ ಮನೆಗೆ ಬಂದೆ. ಟೈರಿನ ಮೇಲೆ, ಕಲ್ಲಿನ ಮೇಲೆ, ನನ್ನ ಹಣೆಬರಹದ ಮೇಲೆ ರೇಗಿದೆ. ಗಳದ ನೆನಪು ಮಾತ್ರ ಬರಲೇ ಇಲ್ಲ.

ಟೈರು ಸರಿಮಾಡಿಸಿ ಮೂರನೇ ದಿನ ಆ ದಾರಿಯಲ್ಲಿ ಹೋದೆ. ಉಣುಗೋಲಿನಲ್ಲಿ ಮೂರೂ ಗಳ ಇದ್ದವು. ಅದನ್ನು ಹಿಡಿದು ದೊಡ್ಡಮ್ಮ ನಿಂತಿದ್ದರು, ಸ್ವಲ್ಪ ಹಿಂದೆ ಮಗ. ದನ ಮೊನ್ನೆ ಸಂಜೆ ದಾಟಿ ಹೋಗಿದೆ, ತುಂಬಿದ ಗಬ್ಬ, ಇವತ್ತೋ ನಾಳೆಯೋ ಕರು ಹಾಕುವುದು ಅಂದರು. ನಾನು ಕೆಳಗೆ ಹಾಕಿದ್ದ ಗಳ ಆಗ ನೆನಪಾಯಿತು. ಬಾಯಿ ತೆರೆಯುವಷ್ಟರಲ್ಲಿ ಅವರೇ ಹೇಳಿದರು.

“ನಾನೇ ಮೇಷ್ಟ್ರೇ. ದಾಟಿ ಬಂದ್ಮೇಲೆ ಗಳ ಹಾಕೋದು ಮರ್ತ್‌ಬಿಟ್ಟೆ. ಹಾಕಿದ್ದು ಕೈಗೆ ನೆನಪಿದೆ. ಆದ್ರೆ ಬಿದ್ದಿತ್ತಲ್ಲ.”

ಮಗ ಆಚೆ ನೋಡಿದ. ಆ ಮಳೆಗಾಲದಲ್ಲಿ ದೊಡ್ಡಮ್ಮ ಸಾರಿಗೆ ಎರಡು ಸಲ ಉಪ್ಪು ಹಾಕಿದ್ದು, ಒಮ್ಮೆ ಗ್ಯಾಸ್ ಆರಿಸದೆ ಬಂದಿದ್ದು, ಮನೆಯಲ್ಲಿ ಅದು ಮಾತಿಗೆ ಬಂದಿದ್ದು ನನಗೆ ಗೊತ್ತಿತ್ತು. ಅವರೇ ಒಮ್ಮೆ ನಗುತ್ತಾ ಹೇಳಿದ್ದರು. ತೀರ್ಥಹಳ್ಳಿಯ ಡಾಕ್ಟರಿಗೆ ತೋರಿಸುವ ಯೋಚನೆಯೂ ಇತ್ತಂತೆ. ಆಗ ನಕ್ಕವರು ಈಗ ನಗುತ್ತಿರಲಿಲ್ಲ. ನಾನೇ ಬಿಟ್ಟಿದ್ದು ಅನ್ನುವ ಒಂದೇ ಮಾತು ಸಾಕಿತ್ತು. ಆಡಲಿಲ್ಲ. ಊರಿಗೆಲ್ಲ ಬುದ್ಧಿ ಹೇಳುವವನ ನಾಲಿಗೆ ಅಲ್ಲೇ ಬಿದ್ದುಹೋಯಿತು. ಮೊದಲು ದನ ಸಿಗಲಿ, ಆಮೇಲೆ ಹೇಳೋಣ ಅಂತ ನನಗೆ ನಾನೇ ಸಬೂಬು ಹೇಳಿಕೊಂಡೆ.

ಕರು ಹಾಕುವ ದನ ಜನರ ಕಣ್ಣು ತಪ್ಪಿಸಿ ಕಾಡು ಸೇರುತ್ತದೆ, ನಿಮ್ಮ ಸೈಕಲ್ಲಿಗೆ ಸದ್ದಿಲ್ಲ, ನೀವೇ ಹುಡುಕಿಕೊಡಿ ಅಂತ ಅವರು ಕೇಳಿಕೊಂಡರು. ನಾಲ್ಕು ದಿನ ಹುಡುಕಿದೆ. ಬೆಳಿಗ್ಗೆ ಶಾಲೆಗೆ ಮೊದಲು, ಸಂಜೆ ಶಾಲೆ ಬಿಟ್ಟ ಮೇಲೆ. ಮಗನೂ ಇನ್ನೊಂದು ದಿಕ್ಕಿನಲ್ಲಿ ಹುಡುಕುತ್ತಿದ್ದ. ಆಪ್ ತೆರೆದು ನೋಡಲಿಲ್ಲ. ಸೈಕಲ್ ನಿಲ್ಲಿಸುವುದು, ದನದ ಕೊರಳ ಗಂಟೆ ಕೇಳುತ್ತದಾ ಅಂತ ಕಿವಿಗೊಡುವುದು, ಮತ್ತೆ ತುಳಿಯುವುದು. ಚಿರತೆ ಓಡಾಡುವ ಜಾಗ. ದೇವರ ಮೇಲೆ ಅಷ್ಟೇನೂ ಭಾರ ಹಾಕದವನು ಆ ನಾಲ್ಕು ದಿನ ಹಾಕಿದೆ.

ನಾಲ್ಕನೇ ಸಂಜೆ ಹೊದರಿನ ಹಿಂದೆ ಗಂಟೆ ಕೇಳಿತು. ದನ ನಿಂತಿತ್ತು, ಪಕ್ಕದಲ್ಲಿ ಆಗಷ್ಟೇ ಹುಟ್ಟಿದ ಕೆಂದ ಕರು. ಸೈಕಲ್ಲನ್ನು ಅಲ್ಲೇ ಕೆಡವಿ ಕರುವನ್ನು ಎತ್ತಿಕೊಂಡೆ. ತಾಯಿ ಹಾಯಲು ಬಂತು, ಆಮೇಲೆ ಕರುವನ್ನು ಮೂಸುತ್ತಾ ನನ್ನ ಹಿಂದೆಯೇ ನಡೆಯಿತು. ಅವರ ಅಂಗಳ ತಲುಪಿದಾಗ ದೊಡ್ಡಮ್ಮ ದನ ಮುಟ್ಟುವ ಮೊದಲು ನನ್ನ ಎರಡೂ ಕೈ ಹಿಡಿದುಕೊಂಡರು. ಈಗ ಹೇಳು ಅಂತ ನನ್ನೊಳಗೊಬ್ಬ ಕೂಗಿದ. ಹೊಗಳಿಸಿಕೊಂಡು, ಕಾಫಿ ಕುಡಿದು ಬಂದೆ. ನಾಚಿಕೆಗೆಟ್ಟವನು.

ಎರಡು ದಿನ ಬಿಟ್ಟು ಮಗ ನಮ್ಮ ಮನೆಗೆ ಗಿಣ್ಣ ತಂದುಕೊಟ್ಟ. ಹೊಸ ಕರುವಿನ ತಾಯಿಯ ಮೊದಲ ಹಾಲಿನಿಂದ ಮಾಡಿದ್ದು, ಮೊದಲ ಪಾಲು ನನಗಂತೆ. ಇನ್ನು ಅಮ್ಮನನ್ನು ಬ್ಯಾಣಕ್ಕೆ ಬಿಡುವುದಿಲ್ಲ, ಉಣುಗೋಲು ಕಿತ್ತು ಕಬ್ಬಿಣದ ಗೇಟು ಇಡಿಸುತ್ತೇವೆ ಅಂದ. ಅವನು ಹೋದ ಮೇಲೆ ಹೆಂಡತಿಯ ಮುಂದೆ ಎಲ್ಲ ಹೇಳಿಕೊಂಡೆ. ಅವಳು ಗಿಣ್ಣದ ಡಬ್ಬಿಯ ಮುಚ್ಚಳ ಮುಚ್ಚಿದಳು.

“ಇದು ಗಂಟಲಲ್ಲಿ ಇಳಿಯಲ್ಲ ಅಂದ್ರೆ, ಹೋಗಿ ಹೇಳಿ ಬನ್ನಿ.”

ಹೋಗಲು ಮೂರು ವಾರ ಬೇಕಾಯಿತು. ಪರೀಕ್ಷೆ, ಪೇಪರು, ನೆಗಡಿ. ಕೊನೆಗೆ ಹೋದಾಗ ಎರಡನೇ ಉಣುಗೋಲಿನ ಜಾಗದಲ್ಲಿ ನೀಲಿ ಬಣ್ಣದ ಗೇಟಿತ್ತು. ದೊಡ್ಡಮ್ಮ ಜಗಲಿಯಲ್ಲಿ ಕೈ ಕಟ್ಟಿ ಕೂತಿದ್ದರು. ಅವರ ಕೈ ಖಾಲಿ ಇದ್ದದ್ದನ್ನು ನಾನು ನೋಡಿದ್ದೇ ಅದು ಮೊದಲು. ಮಗನನ್ನೂ ಕರೆದು ಕೂರಿಸಿ ಎಲ್ಲ ಹೇಳಿದೆ. ಆ ಸಂಜೆಯ ಹಟ, ಕೆಳಗೆ ಹಾಕಿದ ಗಳ, ಪಂಕ್ಚರು, ಪಿಕಪ್. ಒಂದೂ ಬಿಡಲಿಲ್ಲ. ಮಗ ಬಿಡಿ ಸಾರ್, ಆಗಿದ್ದು ಆಯ್ತು ಅಂದ. ನಂಬಿದನೋ ಇಲ್ಲವೋ ಮುಖ ನೋಡಿದರೆ ತಿಳಿಯಲಿಲ್ಲ.

ದೊಡ್ಡಮ್ಮ ನನ್ನನ್ನೇ ನೋಡುತ್ತಿದ್ದರು, ಬಹಳ ಪ್ರೀತಿಯಿಂದ. “ನಂಗೆ ಸಮಾಧಾನ ಆಗ್ಲಿ ಅಂತ ಹೇಳ್ತೀರಿ ಮೇಷ್ಟ್ರೇ. ನಂಗೆ ಗೊತ್ತಾಗಲ್ವಾ?”

ಅಲ್ಲ ಅಂದೆ. ಆಣೆ ಇಟ್ಟೆ. ಮೊಬೈಲು ತೆಗೆದು ಆ ದಿನದ ದಾರಿ ತೋರಿಸಿದೆ. ಕೆಂಪು ಗೆರೆ ಅವರ ಮನೆ ದಾಟಿ ಹೋಗುತ್ತದೆ, ತಿರುಗಿ ಬರುವುದಿಲ್ಲ. ಅವರು ಕನ್ನಡಕವಿಲ್ಲದ ಕಣ್ಣನ್ನು ಅದರ ಹತ್ತಿರ ತಂದು ನೋಡಿದರು.

“ಇದ್ರಲ್ಲಿ ಗಳ ಕಾಣುತ್ತಾ?”

ಕಾಣುವುದಿಲ್ಲ. ನಿಮಿಷ ಕಾಣುತ್ತದೆ, ವೇಗ ಕಾಣುತ್ತದೆ, ಗಳ ಕಾಣುವುದಿಲ್ಲ. ಆ ಮಾತನ್ನು ಅಂದೇ ಆಡಿದ್ದರೆ ಅವರು ನಂಬುತ್ತಿದ್ದರು. ಆ ಮೂರು ವಾರ, ತಮ್ಮ ಕೈ ಹಾಕಿದ ಗಳವನ್ನು ಹಾಕಿರಲಿಲ್ಲ ಅಂತ ಅವರು ದಿನಾ ತಮಗೆ ತಾವೇ ಹೇಳಿಕೊಂಡಿದ್ದರು. ನನ್ನ ಒಂದು ಸಂಜೆಯ ಮಾತು ಅದನ್ನು ಅಳಿಸಲಿಲ್ಲ. ನನಗೆ ಅಳು ಬಂತು, ಅತ್ತುಬಿಟ್ಟೆ. ಅವರೇ ಸಮಾಧಾನ ಮಾಡಿದರು.

ಈಗಲೂ ಆ ದಾರಿಯಲ್ಲೇ ಹೋಗುತ್ತೇನೆ. ಆಪ್ ತೆಗೆದುಹಾಕಿದ್ದೇನೆ. ನಾನು ಬರುವುದು ಕಂಡರೆ ದೊಡ್ಡಮ್ಮ ಗೇಟಿನವರೆಗೆ ಬರುತ್ತಾರೆ, ಅಲ್ಲಿಯವರೆಗೆ ಮಗನ ಒಪ್ಪಿಗೆ ಇದೆ. ನಾನು ದಾಟಿದ ಮೇಲೆ ಚಿಲಕ ಹಾಕಿ ಮನೆ ಕಡೆ ಹೊರಡುತ್ತಾರೆ. ಅರ್ಧ ದಾರಿಯಲ್ಲಿ ನಿಂತು ತಿರುಗಿ ಬಂದು ಚಿಲಕ ಮುಟ್ಟಿ ನೋಡುತ್ತಾರೆ. ಹಾಕಿದ್ದೀರಿ ದೊಡ್ಡಮ್ಮ, ಸರಿಯಾಗಿ ಹಾಕಿದ್ದೀರಿ ಅಂತ ನಾನು ತಿರುವಿನಿಂದ ಕೂಗುತ್ತೇನೆ. ಅವರು ಕೈ ಎತ್ತಿ ಆಯ್ತು ಅನ್ನುತ್ತಾರೆ. ಆಮೇಲೆ ಇನ್ನೊಂದು ಸಲ ಬಂದು ಮುಟ್ಟಿ ನೋಡುತ್ತಾರೆ.