ಗಟ್ಟಿಯಾಗಿ ಓದುತ್ತಿದ್ದ ಅಕ್ಕ

ಅವರ ಬಲಗೈ ಹೆಬ್ಬೆರಳಿನ ಉಗುರು ಸದಾ ಕಪ್ಪು. ಜೆರಾಕ್ಸ್ ಮಿಷನ್ನಿನ ಟೋನರ್ ಪುಡಿ ಉಗುರಿನ ಸಂದಿಗೆ ಇಳಿದು ಅಲ್ಲೇ ಮನೆ ಮಾಡಿಕೊಂಡಿತ್ತು. ಸೋಪು, ಸೀಗೆಪುಡಿ ಯಾವುದಕ್ಕೂ ಜಗ್ಗುತ್ತಿರಲಿಲ್ಲ. ಆ ಬೆರಳನ್ನು ಸಾಲಿನ ಕೆಳಗೆ ಎಳೆಯುತ್ತಾ ಅವರು ಅರ್ಜಿ ಓದುತ್ತಿದ್ದರು, ಅದೂ ಅಂಗಡಿಯಲ್ಲಿದ್ದವರಿಗೆಲ್ಲ ಕೇಳುವಷ್ಟು ಗಟ್ಟಿಯಾಗಿ.

ಗುಬ್ಬಿ ಬಸ್ ಸ್ಟ್ಯಾಂಡಿನ ಹಿಂದೆ ಅವರ ಟೈಪಿಂಗ್ ಅಂಗಡಿ. ಕೆಲಸಕ್ಕೆ ಅರ್ಜಿ ಹಾಕುವ ನಮ್ಮಂಥವರಿಗೆಲ್ಲ ಅವರು ಅಕ್ಕ. ಪ್ರಿಂಟ್ ಕೊಡುವ ಮೊದಲು ಪ್ರತಿ ಕಾಲಂ ಓದಿ ನಮ್ಮ ಬಾಯಿಂದಲೇ ಉತ್ತರ ಹೇಳಿಸುವುದು ಅವರ ಪದ್ಧತಿ. "ಬಾಯಲ್ಲಿ ಹೇಳಕ್ಕಾಗ್ದೇ ಇರೋದ್ನ ಕಾಗ್ದದಲ್ಲಿ ಯಾಕ್ ಹಾಕ್ತೀಯ?" ಅನ್ನುತ್ತಿದ್ದರು. ಎದುರಿಗೆ ತಲೆಯಾಡಿಸಿ, ಹೊರಗೆ ಬಂದು ಅವರನ್ನು ಆಡಿಕೊಂಡು ನಗುತ್ತಿದ್ದವರಲ್ಲಿ ನಾನೂ ಒಬ್ಬ.

ನಾನು ಆಗ ಸಂಜೆ ಹೊತ್ತು ಮನೆಮನೆಗೆ ಹೋಗಿ ಇನ್ವರ್ಟರ್ ರಿಪೇರಿ ಮಾಡುತ್ತಿದ್ದೆ. ಅಂತರಸನಹಳ್ಳಿಯ ಒಂದು ಕಾರ್ಖಾನೆಯಲ್ಲಿ ಎಲೆಕ್ಟ್ರಿಷಿಯನ್ ಕೆಲಸ ಖಾಲಿ ಇತ್ತು. ಅರ್ಜಿಯ ಕೊನೆಯಲ್ಲಿ ಒಂದು ಕಾಲಂ: ಬೇರೆ ವ್ಯವಹಾರ ಏನಾದರೂ ಇದೆಯೇ?

"ಇಲ್ಲ ಅಂತ ಹಾಕಿ ಅಕ್ಕ."

ಅವರ ಬೆರಳು ನಿಂತಿತು. "ಹೋದ ವಾರ ನಮ್ಮನೆ ಇನ್ವರ್ಟರ್ ಬಿಚ್ಚಿದ್ದು ಯಾರೋ?"

"ಇದೆ ಅಂದ್ರೆ ಸೇರ್ಸ್ಕೊಳಲ್ಲ ಅಕ್ಕ. ಎಲ್ರೂ ಇಲ್ಲ ಅಂತಾನೇ ಹಾಕೋದು."

"ಹಂಗಾದ್ರೆ ನೀನೇ ಹಾಕ್ಕೋ. ನನ್ ಕೈಲಿ ಹಾಕಿಸ್ಬೇಡ," ಎಂದು ಆ ಜಾಗ ಖಾಲಿ ಬಿಟ್ಟು ಪ್ರಿಂಟ್ ತೆಗೆದರು. ಅವರದೇ ಪೆನ್ನು ಇಸಿದುಕೊಂಡು, ಅವರ ಕಣ್ಣೆದುರೇ "ಇಲ್ಲ" ಎಂದು ಬರೆದೆ. ನೆನೆದರೆ ಇವತ್ತಿಗೂ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಕೆಲಸ ಸಿಕ್ಕಿತು. ಆರು ತಿಂಗಳಾಗಿರಬಹುದು, ಮ್ಯಾನೇಜರ್ ಕರೆದು ತನ್ನ ಮೊಬೈಲ್ ತೋರಿಸಿದ. ಅದರಲ್ಲಿ ನನ್ನ ಇನ್ವರ್ಟರ್ ರಿಪೇರಿಯ ವಿಸಿಟಿಂಗ್ ಕಾರ್ಡಿನ ಫೋಟೊ. ಕೆಲಸ ಹೋಯಿತು ಅಂದುಕೊಂಡೆ. ಅವನು ನಕ್ಕ. "ಹೆದರ್ಕೋಬೇಡ ಕಣಯ್ಯಾ. ಭಾನುವಾರ ನಮ್ಮನೆ ಇನ್ವರ್ಟರ್ ಒಂದ್ಸಲ ನೋಡ್ಬುಡು."

ಒಂದು ಸಲಕ್ಕೆ ಮುಗಿಯಲಿಲ್ಲ. ಅವನ ಮನೆ, ಅವನ ತಮ್ಮನ ಮನೆ, ಕುಣಿಗಲ್ಲಿನ ಅವನ ಮಾವನ ಮನೆ. ಭಾನುವಾರವೆಲ್ಲ ಅವನ ನೆಂಟರಿಷ್ಟರ ಬ್ಯಾಟರಿಗೆ ಬಿಟ್ಟಿಯಾಗಿ ನೀರು ಹಾಕುವುದೇ ಆಯಿತು. ಒಂದು ದಿನ ಕುಣಿಗಲ್ಲಿನಲ್ಲಿ ನಾನು ನೆಲದ ಮೇಲೆ ಕೂತು ಬ್ಯಾಟರಿಯ ಕಿಲುಬು ಉಜ್ಜುತ್ತಿದ್ದಾಗ, ಅವನು ಸೋಫಾದಲ್ಲಿ ಕಾಲು ಚಾಚಿಕೊಂಡು ತನ್ನ ಗುಟ್ಟು ಬಿಚ್ಚಿದ. ನಮ್ಮ ಕಾರ್ಖಾನೆಗೇ ಕೂಲಿಯಾಳು ಒದಗಿಸುವ ಗುತ್ತಿಗೆ, ಹೆಂಡತಿ ಹೆಸರಲ್ಲಿ, ಇವನದೇ. "ನಾನೂ ಇಲ್ಲ ಅಂತಾನೇ ಬರ್ದಿರೋದು. ನೀನೂ ನಾನೂ ಒಂದೇ ಬುಡಯ್ಯಾ," ಎಂದು ಬೆನ್ನು ತಟ್ಟಿದ. ಅವನ ಮಾವನ ಮನೆಯ ಕಾಫಿಯನ್ನು ಪಕ್ಕಕ್ಕೆ ಸರಿಸಿದೆ. ಅಸಹ್ಯ ಅವನೊಬ್ಬನ ಮೇಲೆ ಆಗಿದ್ದರೆ ಎದ್ದು ಉಗಿದು ಬರಬಹುದಿತ್ತು. ಆದರೆ ಅವನ ಮಾತು ನಿಜವಾಗಿತ್ತು.

ಮಾರನೆಯ ದಿನವೇ ಅಕ್ಕನ ಅಂಗಡಿಗೆ ಹೋದೆ. ಕಾಯಿಲೆಯಿಂದ ಅವರು ಅರ್ಧ ಆಗಿದ್ದರು, ಧ್ವನಿ ಮಾತ್ರ ಹಾಗೇ ಇತ್ತು. ಬೇರೊಂದು ಕಾರ್ಖಾನೆಯ ಅರ್ಜಿ. ಅದೇ ಕಾಲಂ ಬಂತು, ಬೆರಳು ನಿಂತಿತು. ನನ್ನ ಹಿಂದೆ ನಾಲ್ಕು ಜನ ಕಾಯುತ್ತಿದ್ದರು.

"ಇದೆ. ಇನ್ವರ್ಟರ್ ರಿಪೇರಿ," ಎಂದೆ.

"ಕಂಪ್ನಿ ಟೈಮಲ್ಲಿ ಮಾಡಲ್ಲ ಅಂತಾನೂ ಹಾಕ್ಲಾ?"

"ಹಾಕಿ."

"ಮಾಡಲ್ಲ ತಾನೆ?"

"ಇಲ್ಲ ಅಕ್ಕ."

ಟೈಪ್ ಮಾಡಿದರು. ಹಳೆಯದನ್ನು ಎತ್ತಿ ಆಡಲಿಲ್ಲ.

ಆ ಅರ್ಜಿಗೆ ಉತ್ತರವೇ ಬರಲಿಲ್ಲ. ಎರಡನೆಯದಕ್ಕೂ ಇಲ್ಲ. ಮೂರನೆಯ ಕಡೆ ಆ ಕಾಲಂ ನೋಡಿ ಎರಡು ಪ್ರಶ್ನೆ ಕೇಳಿ, ಒಂದು ಮುಚ್ಚಳಿಕೆ ಬರೆಸಿಕೊಂಡು ಕೆಲಸ ಕೊಟ್ಟರು. ಸುದ್ದಿ ಹೇಳಲು ಹೋದರೆ ಅಂಗಡಿಯ ಷಟರ್ ಎಳೆದಿತ್ತು. ಅಕ್ಕ ತೀರಿಹೋಗಿ ಮೂರು ದಿನವಾಗಿತ್ತು.

ಕೆಲಸಕ್ಕೆ ಸೇರುವ ದಿನ ಕೊಡಬೇಕಾದ ಫಾರಂ ತುಂಬಿಸಲು ಪಕ್ಕದ ಬೀದಿಯ ಅಂಗಡಿಗೆ ಹೋದೆ. ಅಲ್ಲಿಯವನು ಏನೂ ಕೇಳದೆ ತಾನೇ ಉತ್ತರ ಹಾಕಿ, "ಬೇರೆ ವ್ಯವಹಾರ ಇಲ್ಲ ಅಂತ ಹಾಕಿದೀನಿ ಸಾರ್, ಎಲ್ರಿಗೂ ಹಂಗೇ ಹಾಕೋದು," ಎಂದು ಪ್ರಿಂಟ್ ಚಾಚಿದ. ನಾನು ಅದನ್ನು ಅವನ ಮುಂದೆಯೇ ಹಿಡಿದು, ಸಾಲಿನ ಕೆಳಗೆ ಬೆರಳಿಟ್ಟು, ಮೊದಲಿನಿಂದ ಗಟ್ಟಿಯಾಗಿ ಓದತೊಡಗಿದೆ. ಹಿಂದೆ ನಿಂತವರು ನಕ್ಕರು, ಒಂದು ಕಾಲದಲ್ಲಿ ನಾನು ನಗುತ್ತಿದ್ದ ಹಾಗೆಯೇ. ಆ ಕಾಲಂ ಬರುವವರೆಗೂ ನಾನು ನಿಲ್ಲಿಸಲಿಲ್ಲ.