ತುಂಬಿದ ಜೀಪಿಗೆ ಬೇರೆ ದಾರಿ

ಮುಧೋಳದ ದವಾಖಾನೆ ಕಟ್ಟೆಯ ಮೇಲೆ ಕುಳಿತು ಬರೆಯುತ್ತಿದ್ದೇನೆ. ಚಿಮ್ಮಡದಲ್ಲಿ ಕುರಿಗಾರ ಬೀರಪ್ಪನವರು ನನಗೆ ಸೀಟು ಬಿಟ್ಟುಕೊಟ್ಟು ಜೀಪಿನ ಹಿಂದಿನ ಮೆಟ್ಟಿಲ ಮೇಲೆ ನಿಂತಿದ್ದರು. ಕಬ್ಬಿನ ಗಾಡಿಯೊಂದನ್ನು ದಾಟುವಾಗ ಕಬ್ಬು ಬಡಿದು ಕೆಳಗೆ ಬಿದ್ದರು. ಜೀಪಿನಲ್ಲೇ ಇದ್ದ ಅವರ ಹೆಂಡತಿಯ ತೊಡೆಯ ಮೇಲೆ ಅವರನ್ನು ಮಲಗಿಸಿ ದವಾಖಾನೆಗೆ ಹೊರಟೆವು. ಮುಧೋಳ ಮೂರು ಮೈಲಿ ಇರುವಾಗ ಸಕ್ಕರೆ ಕಾರ್ಖಾನೆಗೆ ಹೊರಟ ಕಬ್ಬಿನ ಗಾಡಿಗಳ ಸಾಲು ರಸ್ತೆ ಕಟ್ಟಿತ್ತು.

ಜೀಪಿನಲ್ಲಿದ್ದ ಪಂಚಾಯ್ತಿ ಮೆಂಬರರು ಇಳಿದು ಕೂಗಿದರು: “ದಾರಿ ಬಿಡ್ರಪಾ! ಮಂದಿ ತುಂಬಿದ ಜೀಪಿಗೆ ಬ್ಯಾರೆ ದಾರಿ ಮಾಡ್ರಿ, ನಮ್ಮ ಪಾಲಿನ ರೊಕ್ಕಾ ಕೊಡ್ತೀವಿ ಅಂತ ಸಭಾದಾಗ ಠರಾವು ಪಾಸು ಮಾಡಿ ಸರಕಾರಕ್ಕ ಕಳಿಸೇವಿ. ಮ್ಯಾಲಿಂದ ಮಂಜೂರಿ ಬಂದಿಲ್ಲ.”

“ಹಂಗಾರ ಠರಾವಿನ ಮ್ಯಾಲ ಓಡಸ್ರಿ ಜೀಪ,” ಎಂದು ಗಾಡಿಯವನೊಬ್ಬ ಹಂಗಿಸಿದ. ಆದರೆ ಜೀಪಿನೊಳಗೆ ಇಣುಕಿದವನೇ ಎತ್ತುಗಳನ್ನು ಹೊಲದ ಕಡೆ ತಿರುಗಿಸಿದ. ಹಾಗೆ ಇಳಿಸಿದ ತುಂಬಿದ ಗಾಡಿ ಮತ್ತೆ ರಸ್ತೆ ಹತ್ತುವುದು ಕಷ್ಟವೆಂದು ಎಲ್ಲರಿಗೂ ಗೊತ್ತಿತ್ತು. ಆದರೂ ಅವನ ಹಿಂದೆ ಒಂದೊಂದೇ ಗಾಡಿ ಇಳಿಯಿತು. ಮುಂದಿನ ರಸ್ತೆ ಪೂರ್ತಿ ಖಾಲಿಯಾಯಿತು.

“ಗಟ್ಟಿ ಹಿಡಕೋಬೇ ಯಕ್ಕಾ, ಜೋರ ಬಿಡ್ತೀನಿ,” ಎಂದ ಡ್ರೈವರ್.

ಆಕೆ ಗಂಡನ ಮುಖದ ಮೇಲೆ ಸೆರಗು ಎಳೆದಳು.

“ಸಾವಕಾಶ ನಡಸಪಾ. ಇನ್ನೇನ ಗಡಿಬಿಡಿ ಇಲ್ಲ.”