ಅತ್ತೆಯ ಜೊತೆ ನೋಡಿದ ಅರ್ಧ ಪಿಕ್ಚರ್

ಸುಳ್ಳು ಹೇಳುವುದರಲ್ಲಿ ನಾನು ಗಟ್ಟಿಗಿತ್ತಿ ಎಂದೇ ತಿಳಿದಿದ್ದೆ. ಎಂಬತ್ತರ ದಶಕದ ಮೊದಲ ವರ್ಷಗಳು. ಗಾರೆ ಕೆಲಸಕ್ಕೆಂದು ಗಲ್ಫಿಗೆ ಹೋದ ನನ್ನ ಗಂಡ ಕಾಗದ ಬರೆದಿದ್ದರು: ಧಣಿ ಪಾಸ್‌ಪೋರ್ಟ್ ಕಿತ್ತಿಟ್ಟುಕೊಂಡಿದ್ದಾನೆ, ಊರಿಗೆ ಬರುವ ದಾರಿಯೇ ಕಾಣುತ್ತಿಲ್ಲ, ಅಮ್ಮನಿಗೆ ಮಾತ್ರ ಹೇಳಬೇಡ. ಕಳಿಸಿದ ಏಜೆಂಟ್ ಆಗಲೇ ನಾಪತ್ತೆ. ಯಾರ ಕಾಲು ಹಿಡಿಯಬೇಕೋ ತಿಳಿಯದೆ ಒಳಗೇ ಬೇಯುತ್ತಿದ್ದೆ.

ಅತ್ತೆಗೆ ಓದು ಬಾರದು. ಮಗನ ಕಾಗದವನ್ನು ನನ್ನ ಬಾಯಿಂದಲೇ ಕೇಳಬೇಕು. ನಾನು ಅದನ್ನು ಹಿಡಿದುಕೊಂಡು, ಅದರಲ್ಲಿ ಇಲ್ಲದ್ದನ್ನೆಲ್ಲ ಓದಿದೆ. ಮೆಟ್ಟಿಲ ಮೇಲೆ ಜಾರಿ ಬಿದ್ದರಂತೆ, ಎದ್ದು ನೋಡಿದರೆ ಒಂಟೆ ಇವರ ಟವೆಲ್ ತಿನ್ನುತ್ತಿತ್ತಂತೆ. ಅತ್ತೆ ಹೊಟ್ಟೆ ಹಿಡಿದುಕೊಂಡು ನಕ್ಕರು.

ಶ್ರೀನಿವಾಸಪುರದ ಟಾಕೀಸಿಗೆ ಫಾರಿನ್ನಿಗೆ ಹೋದ ಪೆದ್ದನ ಪಿಕ್ಚರ್ ಬಂದಿದೆ ಎಂದು ಯಾರೋ ಹೇಳಿದ್ದೇ ತಡ, ಅತ್ತೆ "ಅಮ್ಮಣ್ಣಿ, ನಮ್ಮೋನು ಇರೋ ಕಡೆ ಹೆಂಗಿರ್ತದೋ ನೋಡ್ಕೊಂಡು ಬರಾಣ" ಎಂದರು. ಮನೆಯಲ್ಲಿ ನಾಲ್ಕನೇ ಜ್ವರ ಎದ್ದ, ಅಂದರೆ ಕೊನೆಯ ಪೊರೆ ಕಳಚಿದ ರೇಷ್ಮೆ ಹುಳು, ಬಿಡುವಿಲ್ಲದೆ ತಿನ್ನುವ ಕಾಲ. ತಟ್ಟೆಗಳಿಗೆ ದಪ್ಪಗೆ ಸೊಪ್ಪು ಹಾಕಿ, ಮಧ್ಯಾಹ್ನದ ಆಟಕ್ಕೆಂದು ಗೌನಿಪಲ್ಲಿಯಲ್ಲಿ ಬಸ್ಸು ಹತ್ತಿದೆವು.

ಪಿಕ್ಚರಿನಲ್ಲಿ ಆ ಪೆದ್ದ ಬಿದ್ದ, ಎದ್ದ, ಕೋಟಿನ ತೋಳಿಗೆ ತಲೆ ತೂರಿಸಿದ. ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಆಮೇಲೆ ಅವನ ಪಾಸ್‌ಪೋರ್ಟ್ ಕಳೆಯಿತು. ಪೊಲೀಸರು ಅಟ್ಟಿಸಿಕೊಂಡು ಬಂದರು, ಅವನು ಕಸದ ಡಬ್ಬಿಯೊಳಗೆ ಅವಿತುಕೊಂಡ. ಜನ ಸಿಳ್ಳೆ ಹಾಕಿದರು. ನನಗೆ ಎದ್ದು ಒಬ್ಬೊಬ್ಬರ ಕೆನ್ನೆಗೂ ಬಾರಿಸಬೇಕು ಅನ್ನಿಸಿತು.

"ಅಯ್ಯೋ ಪಾಪಮು. ಅದೇನಮ್ಮಾ ಆ ಪುಸ್ತಕ? ಅದಿಲ್ದಿದ್ರೆ ಮನೇಗೆ ಬರಕ್ಕಾಗಲ್ವಾ?" ಅತ್ತೆ ಕೇಳಿದರು.

"ಆಗಲ್ಲ ಅತ್ತೆ."

ನನ್ನ ಮುಖವನ್ನೇ ನೋಡಿದರು. ಆಮೇಲೆ ಅವರು ನಗಲಿಲ್ಲ.

ಹುಳುಗಳಿಗೆ ಹೊತ್ತಾಯಿತೆಂದು ಇಂಟರ್‌ವೆಲ್ಲಿಗೇ ಎದ್ದೆವು. ಆ ಪೆದ್ದ ಊರು ಸೇರಿದನೋ ಇಲ್ಲವೋ ಇವತ್ತಿಗೂ ನನಗೆ ಗೊತ್ತಿಲ್ಲ. ಮನೆಗೆ ಬಂದು, ಸ್ನಾನ ಮಾಡಿ ಹುಳುವಿನ ಕೋಣೆಗೆ ಹೋಗಿ ಸೊಪ್ಪು ಹಾಕಿದೆವು. ಅತ್ತೆ ಕೈ ಒರೆಸಿಕೊಂಡು, "ಆ ಕಾಗ್ದ ತಗೊಂಬಾ, ಇನ್ನೊಂದ್ಸಲ ಓದು" ಎಂದರು.

ಓದಿದೆ. ಒಂಟೆ, ಟವೆಲ್, ಜಾರಿದ ಮೆಟ್ಟಿಲು. ಅತ್ತೆ ಕೈಯೆತ್ತಿ ನಿಲ್ಲಿಸಿದರು. ಓದು ಬಾರದವರು ಕಾಗದವನ್ನು ಒಂದು ಮಾತೂ ಬಿಡದೆ ಕಿವಿಯಲ್ಲಿ ಇಟ್ಟುಕೊಂಡಿರುತ್ತಾರೆ. ಎಸ್ಸೆಸ್ಸೆಲ್ಸಿ ಪಾಸಾದ ನನಗೆ ಅಷ್ಟೂ ಹೊಳೆದಿರಲಿಲ್ಲ.

"ಹೋದ್ಸಲ ಅವ್ನು ಮೊದ್ಲು ಬಿದ್ದ, ಒಂಟೆ ಆಮೇಲೆ ಬಂತು," ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಅದಕ್ಕೇ ನನಗೆ ಅಳು ತಡೆಯಲಾಗಲಿಲ್ಲ. "ಈಗ ಅದ್ರಾಗೆ ಏನೈತೋ ಅದು ಓದಮ್ಮಾ."